ಮನೆ ಕಟ್ಟಲು ಆರ್ಕಿಟೆಕ್ಟ್ ಬೇಕೇ, ಮೇಸ್ತ್ರಿಯೇ ಸಾಕೇ?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದವರಿಲ್ಲ. ಎರಡರಲ್ಲೂ ಖರ್ಚು ಅಂದಾಜನ್ನು ಮೀರುತ್ತದೆ, ಎರಡರಲ್ಲೂ ಸಲಹೆ ಕೊಡುವವರು ಹೆಚ್ಚು. ಸಾಮಾನ್ಯ ಕುಟುಂಬವೊಂದು ಜೀವಮಾನದಲ್ಲಿ ಕಟ್ಟುವುದು ಒಂದೇ ಮನೆ. ಭವಿಷ್ಯ ನಿಧಿಯಿಂದ ತೆಗೆದ ಹಣ, ಬ್ಯಾಂಕಿನ ಸಾಲ, ಊರಿನ ಜಮೀನಿನ ಪಾಲು, ಕೆಲವೊಮ್ಮೆ ಮನೆಯ ಹೆಂಗಸರ ಒಡವೆ, ಎಲ್ಲವೂ ಆ ಗೋಡೆಗಳೊಳಗೆ ಸೇರಿಬಿಡುತ್ತವೆ. ಕೊಂಡ ಬಟ್ಟೆ ಹಿಡಿಸದಿದ್ದರೆ ಅಂಗಡಿಯಲ್ಲಿ ಬದಲಾಯಿಸಬಹುದು. ಅಡುಗೆಮನೆ ಕತ್ತಲಾದರೆ ಮೂವತ್ತು ವರ್ಷ ಹಗಲು ಹೊತ್ತಿನಲ್ಲೇ ದೀಪ ಹಾಕಿಕೊಂಡು ಅಡುಗೆ ಮಾಡಬೇಕಾಗುತ್ತದೆ.

ನಿವೇಶನದ ಕಾಗದಪತ್ರ ಕೈಗೆ ಬಂದೊಡನೆ ಏಳುವ ಮೊದಲ ಪ್ರಶ್ನೆ, “ಆರ್ಕಿಟೆಕ್ಟ್ ಹತ್ತಿರ ಹೋಗಬೇಕೇ?” ಎಂಬುದು. “ಅವರೆಲ್ಲ ಶ್ರೀಮಂತರ ಬಂಗಲೆಗೆ, ನಮಗೆ ಮೇಸ್ತ್ರಿ ಸಾಕು” ಎನ್ನುವವರು ಕೆಲವರು. “ದುಡ್ಡು ಹೋದರೂ ಪರವಾಗಿಲ್ಲ, ತಿಳಿದವರನ್ನು ಕೇಳಿಯೇ ಕಟ್ಟಬೇಕು” ಎನ್ನುವವರು ಇನ್ನು ಕೆಲವರು. ಎರಡು ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಕಿರುತೆರೆಯ ಚರ್ಚೆಯಲ್ಲಿ ಸಮಯದ ಮಿತಿಯಿಂದಾಗಿ ಬಿಡಿಸಿ ಹೇಳಲಾಗದ ಸಂಗತಿಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ. ಕೊನೆಯ ತೀರ್ಮಾನ ಮಾತ್ರ ಓದುಗರದೇ.

ಯಾರ ಕೆಲಸ ಯಾವುದು?

ಮನೆ ಕಟ್ಟುವಲ್ಲಿ ಮೂರು ಬಗೆಯ ತಿಳಿವಳಿಕೆ ಬೇಕು. ಮೊದಲನೆಯದು, ಜಾಗವನ್ನು ಹೇಗೆ ಹಂಚಬೇಕು, ಬೆಳಕು ಎಲ್ಲಿಂದ ಬರಬೇಕು, ಯಾವ ಕೋಣೆ ಯಾವುದಕ್ಕೆ ಅಂಟಿಕೊಂಡಿರಬೇಕು ಎಂಬುದು. ಇದು ಆರ್ಕಿಟೆಕ್ಟ್, ಅಂದರೆ ವಾಸ್ತುಶಿಲ್ಪಿಯ ಕೆಲಸ. ಎರಡನೆಯದು, ಪಾಯ ಎಷ್ಟು ಆಳ, ಕಂಬ ಎಷ್ಟು ದಪ್ಪ, ಅದರೊಳಗೆ ಎಷ್ಟು ಕಂಬಿ ಎಂಬ ಲೆಕ್ಕ. ಇದು ಸ್ಟ್ರಕ್ಚರಲ್ ಎಂಜಿನಿಯರ್ ಮಾಡುವ ಕೆಲಸ. ಮೂರನೆಯದು, ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು, ಗಾರೆ ಮೆತ್ತಿ, ಮೋಲ್ಡ್ ಹಾಕಿ ಮನೆಯನ್ನು ನಿಲ್ಲಿಸುವುದು. ಇದು ಕಾಂಟ್ರಾಕ್ಟರು, ಮೇಸ್ತ್ರಿ ಮತ್ತು ಕುಶಲಕರ್ಮಿಗಳ ಕೆಲಸ.

ನಮ್ಮಲ್ಲಿ ಸಾಮಾನ್ಯವಾಗಿ ಮೂರನ್ನೂ ಒಬ್ಬರೇ ಮಾಡಿಕೊಡಲಿ ಎಂದು ಬಯಸುತ್ತೇವೆ. ಹಾಗೆ ಮಾಡಿಕೊಡುವವರೂ ಸಿಗುತ್ತಾರೆ. ಅದರಲ್ಲಿ ಅನುಕೂಲವಿದೆ, ಓಡಾಟ ಕಡಿಮೆ. ಆದರೆ ಒಂದು ವಿಷಯ ನೆನಪಿಡಬೇಕು. ಕಟ್ಟುವವರೇ ನಕ್ಷೆ ಬರೆದು, ತಾವೇ ಲೆಕ್ಕ ಹಾಕಿ, ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಿಕೊಂಡರೆ ತಪ್ಪು ಎತ್ತಿ ತೋರಿಸಲು ಯಾರೂ ಉಳಿಯುವುದಿಲ್ಲ. ಆರ್ಕಿಟೆಕ್ಟ್ ಸಿಮೆಂಟು ಮಾರುವುದಿಲ್ಲ, ಕೂಲಿಯಲ್ಲಿ ಲಾಭ ಇಟ್ಟುಕೊಳ್ಳುವುದಿಲ್ಲ. ಮನೆಯ ಯಜಮಾನರ ಪರವಾಗಿ ಕೆಲಸವನ್ನು ನೋಡುವ ಕಣ್ಣು ಅವರದು. ಅವರಿಗೆ ಕೊಡುವ ಹಣದಲ್ಲಿ ಒಂದು ಪಾಲು ಈ ಸ್ವತಂತ್ರ ಕಣ್ಣಿಗೆ ಕೊಡುವ ಬೆಲೆ.

ಕಾನೂನಿನ ಮಾತನ್ನೂ ಹೇಳಬೇಕು. 1972ರ ವಾಸ್ತುಶಿಲ್ಪಿಗಳ ಕಾಯಿದೆಯ ಪ್ರಕಾರ, ವಾಸ್ತುಶಿಲ್ಪ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಂಡವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಅವರ ನೋಂದಣಿ ಸಂಖ್ಯೆ ‘ಸಿಎ’ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಇದಕ್ಕಾಗಿ ಇಂದು ಐದು ವರ್ಷಗಳ ಪದವಿ ವ್ಯಾಸಂಗವಿದೆ. ಆದರೆ ಈ ಕಾಯಿದೆ ಕಾಪಾಡುವುದು ಹೆಸರನ್ನು ಮಾತ್ರ. ಮನೆಯ ವಿನ್ಯಾಸ ಮಾಡುವ ಕೆಲಸವನ್ನು ನೋಂದಣಿ ಇಲ್ಲದವರು ಮಾಡಬಾರದೆಂದು ಈ ಕಾಯಿದೆಯಲ್ಲಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ‘ಡಿಸೈನರ್’, ‘ಪ್ಲಾನರ್’, ‘ಕನ್ಸಲ್ಟೆಂಟ್’ ಎಂಬ ಫಲಕಗಳನ್ನು ನೋಡಿ ಅವರೆಲ್ಲ ಆರ್ಕಿಟೆಕ್ಟರೆಂದು ತಿಳಿಯಬೇಕಾಗಿಲ್ಲ. ಅವರಲ್ಲಿ ಚೆನ್ನಾಗಿ ಕೆಲಸ ಬಲ್ಲವರೂ ಇರಬಹುದು. ನಾವು ಯಾರಿಗೆ ಹಣ ಕೊಡುತ್ತಿದ್ದೇವೆ ಎಂಬುದು ನಮಗೆ ಗೊತ್ತಿರಬೇಕು, ಅಷ್ಟೆ.

ಹಿರಿಯರು ಆರ್ಕಿಟೆಕ್ಟ್ ಇಲ್ಲದೆ ಕಟ್ಟಲಿಲ್ಲವೇ?

ಇದು ನ್ಯಾಯವಾದ ಪ್ರಶ್ನೆ. ಹಳೆ ಮೈಸೂರಿನ ತೊಟ್ಟಿ ಮನೆ, ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆ, ಮಲೆನಾಡಿನ ಮತ್ತು ಕರಾವಳಿಯ ಇಳಿಜಾರು ಮಾಡಿನ ಮನೆ, ಇವುಗಳಿಗೆ ಯಾವ ಪದವೀಧರರೂ ನಕ್ಷೆ ಬರೆಯಲಿಲ್ಲ. ಆದರೂ ಅವು ತಮ್ಮ ತಮ್ಮ ಊರಿನ ಬಿಸಿಲು ಮಳೆಗೆ ಹೇಳಿ ಮಾಡಿಸಿದಂತಿವೆ. ದಪ್ಪ ಮಣ್ಣಿನ ಗೋಡೆ ಮತ್ತು ಮಣ್ಣಿನ ಮಾಳಿಗೆ ವಿಜಯಪುರ, ಕಲಬುರಗಿಗಳ ಮಧ್ಯಾಹ್ನದ ಬೇಗೆಯನ್ನು ಒಳಗೆ ಬಿಡಲು ಬಹಳ ಹೊತ್ತು ತೆಗೆದುಕೊಳ್ಳುತ್ತವೆ. ಕಡಿದಾದ ಮಾಡು ಆಗುಂಬೆಯಂತಹ ಕಡೆಯ ಜಡಿಮಳೆಯನ್ನು ನಿಲ್ಲಗೊಡದೆ ಇಳಿಸುತ್ತದೆ. ತೊಟ್ಟಿಯು ನಡುಮನೆಗೆ ಬೆಳಕನ್ನೂ ಗಾಳಿಯನ್ನೂ ತರುತ್ತದೆ.

ಈ ಮನೆಗಳ ಹಿಂದೆ ವಿನ್ಯಾಸ ಇರಲಿಲ್ಲವೆಂದಲ್ಲ. ಅದು ಒಬ್ಬರ ತಲೆಯಲ್ಲಿರದೆ ಹಲವು ತಲೆಮಾರುಗಳ ಅನುಭವದಲ್ಲಿತ್ತು. ಊರಿನ ಮೇಸ್ತ್ರಿಗೆ, ಬಡಗಿಗೆ ಆ ಮನೆ ಬಾಯಿಪಾಠವಾಗಿತ್ತು. ಅಂಕಣ ಎಷ್ಟು ಅಗಲವಿರಬೇಕು, ತೊಲೆ ಎಷ್ಟು ದಪ್ಪವಿರಬೇಕು ಎಂಬುದನ್ನು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದ ಮೇಲೆ ಹೊಸ ಹೆಂಚು ಬಂತು. ಹಳೆಯ ಇಳಿಜಾರು ಮಾಡು ಅದನ್ನು ಸುಲಭವಾಗಿ ಹೊತ್ತುಕೊಂಡಿತು, ಮನೆಯ ಸ್ವರೂಪ ಬಹಳ ಬದಲಾಗಲಿಲ್ಲ.

ಆರ್‌ಸಿಸಿ ಬಂದಾಗ ಆದದ್ದು ಬೇರೆ. ಕಾಂಕ್ರೀಟಿನ ಚಪ್ಪಟೆ ಸೂರು ಎಲ್ಲ ಊರಿಗೂ ಒಂದೇ ಬಗೆಯ ಪೆಟ್ಟಿಗೆಯಂತಹ ಮನೆಯನ್ನು ತಂದಿತು. ಕಲಬುರಗಿಯ ಬಿಸಿಲಿಗೂ ಅದೇ, ತೀರ್ಥಹಳ್ಳಿಯ ಮಳೆಗೂ ಅದೇ. ಜೊತೆಗೆ ನಿವೇಶನ ಕಿರಿದಾಯಿತು. ಸುತ್ತ ಹಿತ್ತಲಿದ್ದ ಮನೆಯ ಜಾಗದಲ್ಲಿ 20×30 ಅಥವಾ 30×40 ಅಡಿಯ ನಿವೇಶನ, ಎರಡೂ ಪಕ್ಕದಲ್ಲಿ ಅಂಟಿಕೊಂಡಂತೆ ನೆರೆಮನೆ. ಈ ಹೊಸ ಮನೆಗೆ ತಲೆಮಾರುಗಳ ಪಾಠವಿಲ್ಲ.

ಆದ್ದರಿಂದ ಮನೆಯ ಗಾತ್ರ ಎಷ್ಟು, ಹಣ ಎಷ್ಟು ಎಂಬುದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ನಾವು ಕಟ್ಟಬೇಕೆಂದಿರುವ ಮನೆಯನ್ನು, ಇದೇ ಬಗೆಯ ಜಾಗದಲ್ಲಿ, ಇದೇ ಸಾಮಗ್ರಿಯಲ್ಲಿ, ನಮ್ಮ ಮೇಸ್ತ್ರಿ ಈಗಾಗಲೇ ಚೆನ್ನಾಗಿ ಬಲ್ಲರೇ? ಬಲ್ಲರಾದರೆ ಆರ್ಕಿಟೆಕ್ಟ್ ಇಲ್ಲದೆ ಮುಂದುವರಿಯಬಹುದು. ಇಲ್ಲವಾದರೆ, ಮನೆ ಎಷ್ಟೇ ಚಿಕ್ಕದಿರಲಿ, ಬಲ್ಲವರನ್ನು ಕೇಳುವುದು ಲೇಸು.

‘ಪ್ಲಾನ್’ ಎಂದರೆ ಯಾವ ಪ್ಲಾನ್?

“ನಮಗೆ ಪ್ಲಾನ್ ಆಗಿದೆ” ಎಂದು ಹೇಳುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಮಂಜೂರಾತಿ ನಕ್ಷೆ. ಗ್ರಾಮ ಪಂಚಾಯಿತಿ, ಪುರಸಭೆ ಅಥವಾ ನಗರಪಾಲಿಕೆಯ ಅನುಮತಿಗಾಗಿ ಬರೆದದ್ದು ಅದು. ನಿವೇಶನದ ಅಳತೆ, ಸುತ್ತ ಬಿಟ್ಟ ಜಾಗ, ಮಹಡಿಗಳ ಸಂಖ್ಯೆ, ಕೋಣೆಗಳ ಸ್ಥಾನ ಇವಿಷ್ಟನ್ನು ಅದು ಕಚೇರಿಗೆ ತಿಳಿಸುತ್ತದೆ. ಮನೆ ಕಟ್ಟುವ ಮೇಸ್ತ್ರಿಗೆ ಬೇಕಾದ ವಿವರಗಳಲ್ಲಿ ಹೆಚ್ಚಿನವು ಅದರಲ್ಲಿ ಇರುವುದಿಲ್ಲ.

ಮೇಸ್ತ್ರಿಗೆ ಬೇಕಾದದ್ದು ಕಾಮಗಾರಿ ನಕ್ಷೆ. ಕಿಟಕಿಯ ತಳ ನೆಲದಿಂದ ಎಷ್ಟು ಎತ್ತರ, ಮೆಟ್ಟಿಲು ಒಂದೊಂದೂ ಎಷ್ಟು ಎತ್ತರ ಎಷ್ಟು ಅಗಲ, ಬಚ್ಚಲಿನ ನೀರು ಯಾವ ಕಡೆಗೆ ಇಳಿಯಬೇಕು, ಅಡುಗೆಕಟ್ಟೆಯ ಮೇಲೆ ಸ್ವಿಚ್ಚು ಎಲ್ಲಿ, ಸಂಪಿನಿಂದ ಮೇಲಿನ ಟ್ಯಾಂಕಿಗೆ ಕೊಳವೆ ಯಾವ ದಾರಿಯಲ್ಲಿ, ಬಾಗಿಲು ಯಾವ ಕಡೆಗೆ ತೆರೆಯಬೇಕು, ಇವೆಲ್ಲ ಅದರಲ್ಲಿ ಇರುತ್ತವೆ. ಇದರ ಜೊತೆಗೆ ಎಂಜಿನಿಯರು ಕೊಡುವ ಪಾಯ, ಕಂಬ, ತೊಲೆ, ಸೂರಿನ ಕಂಬಿಯ ನಕ್ಷೆಗಳು ಬೇರೆ.

ಕಾಮಗಾರಿ ನಕ್ಷೆ ಇಲ್ಲದಿದ್ದರೆ ಏನಾಗುತ್ತದೆ? ಈ ತೀರ್ಮಾನಗಳನ್ನೆಲ್ಲ ಕೆಲಸ ನಡೆಯುವ ಜಾಗದಲ್ಲಿ, ಬೆಳಿಗ್ಗೆ ಎಂಟು ಗಂಟೆಗೆ, ಆಳುಗಳು ಕಾದು ನಿಂತಿರುವಾಗ ತೆಗೆದುಕೊಳ್ಳಬೇಕಾಗುತ್ತದೆ. ಗೋಡೆ ಎದ್ದ ಮೇಲೆ ಕಿಟಕಿ ಸರಿಸಲು ಒಡೆಯಬೇಕು. ಗಾರೆ ಆದ ಮೇಲೆ ಮರೆತ ಕೊಳವೆಗಾಗಿ ಮತ್ತೆ ಕೆತ್ತಬೇಕು. ಒಮ್ಮೆ ಕಟ್ಟಿದ ಕೂಲಿ, ಒಡೆದ ಕೂಲಿ, ಮತ್ತೆ ಕಟ್ಟಿದ ಕೂಲಿ ಹೀಗೆ ಒಂದೇ ಗೋಡೆಗೆ ಮೂರು ಸಲ ಹಣ ಹೋಗುತ್ತದೆ. “ಅಂದಾಜಿಗಿಂತ ಇಷ್ಟು ಲಕ್ಷ ಹೆಚ್ಚಾಯಿತು” ಎಂಬ ದೂರಿನಲ್ಲಿ ಸಿಮೆಂಟಿನ ಬೆಲೆ ಏರಿದ್ದರ ಜೊತೆಗೆ ಇಂತಹ ಬದಲಾವಣೆಗಳ ಪಾಲೂ ಸೇರಿರುತ್ತದೆ. ಕಾಗದದ ಮೇಲೆ ಗೋಡೆ ಸರಿಸಲು ರಬ್ಬರು ಸಾಕು.

ಶುಲ್ಕದ ಲೆಕ್ಕ

ಆರ್ಕಿಟೆಕ್ಟರು ಶುಲ್ಕವನ್ನು ಮೂರು ರೀತಿಯಲ್ಲಿ ಹೇಳುವುದುಂಟು: ಕಟ್ಟಡದ ಒಟ್ಟು ವೆಚ್ಚದಲ್ಲಿ ಶೇಕಡಾ ಇಷ್ಟು, ಚದರ ಅಡಿಗೆ ಇಷ್ಟು, ಇಲ್ಲವೆ ಇಡೀ ಕೆಲಸಕ್ಕೆ ಒಟ್ಟಾಗಿ ಇಷ್ಟು. ದರ ಊರಿಂದ ಊರಿಗೆ, ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುತ್ತದೆ. ಲೆಕ್ಕ ತಿಳಿಯಲು ಒಂದು ಉದಾಹರಣೆ ತೆಗೆದುಕೊಳ್ಳೋಣ.

ಹತ್ತು ಚದರದ, ಎಂದರೆ 1000 ಚದರ ಅಡಿಯ ಮನೆ. ಚದರ ಅಡಿಗೆ 2000 ರೂಪಾಯಿ ತಗಲುತ್ತದೆ ಎಂದಿಟ್ಟುಕೊಂಡರೆ ವೆಚ್ಚ 20 ಲಕ್ಷ ರೂಪಾಯಿ. ಶುಲ್ಕ ಶೇಕಡಾ 5 ಎಂದಾದರೆ 1 ಲಕ್ಷ. ಸಾಲ ಮಾಡಿ ಕಟ್ಟುವವರಿಗೆ ಇದು ಸಣ್ಣ ಮೊತ್ತವಲ್ಲ. ಈಗ ಅದೇ ಮನೆಯಲ್ಲಿ ಕೋಣೆಗಳ ನಡುವೆ 4 ಅಡಿ ಅಗಲ, 20 ಅಡಿ ಉದ್ದದ ಓಣಿಯೊಂದಿದೆ ಎಂದುಕೊಳ್ಳಿ. ಅದು 80 ಚದರ ಅಡಿ. ಅಲ್ಲಿ ಯಾರೂ ಕೂರುವುದಿಲ್ಲ, ಮಲಗುವುದಿಲ್ಲ, ನಡೆದುಹೋಗುತ್ತಾರೆ ಅಷ್ಟೆ. ಆದರೂ ಅದಕ್ಕೆ ತಗಲಿದ ವೆಚ್ಚ 1 ಲಕ್ಷ 60 ಸಾವಿರ. ಕೋಣೆಗಳನ್ನು ಜಾಣತನದಿಂದ ಜೋಡಿಸಿ ಈ ಓಣಿಯನ್ನು ತೆಗೆಯಬಲ್ಲವರು ಸಿಕ್ಕರೆ ಅವರ ಶುಲ್ಕ ಅಲ್ಲೇ ಹುಟ್ಟಿತು.

ಆದರೆ ಎಲ್ಲ ಆರ್ಕಿಟೆಕ್ಟರೂ ಹಣ ಉಳಿಸಿಯೇ ಕೊಡುತ್ತಾರೆಂದು ಹೇಳಲಾಗದು. ನೋಟಕ್ಕೆ ಚೆಂದವೆಂದು ಅನಗತ್ಯ ಬಾಗು, ತಿರುವು, ಎರಡಂತಸ್ತಿನ ಎತ್ತರದ ಹಾಲು, ಹೊರಚಾಚಿದ ಕಾಂಕ್ರೀಟು ಸೇರಿಸಿ ವೆಚ್ಚ ಏರಿಸುವವರೂ ಇದ್ದಾರೆ. ಶುಲ್ಕವು ವೆಚ್ಚದ ಶೇಕಡಾವಾರು ಆಗಿದ್ದರೆ, ವೆಚ್ಚ ಏರಿದಷ್ಟೂ ಶುಲ್ಕ ಏರುತ್ತದೆ. ಆದ್ದರಿಂದ ಸಣ್ಣ ಮನೆ ಕಟ್ಟುವವರು ಒಟ್ಟು ಮೊತ್ತವನ್ನು ಮೊದಲೇ ನಿಗದಿ ಮಾಡಿಕೊಳ್ಳುವುದು ಒಳ್ಳೆಯದು. “ನಮ್ಮ ಕೈಯಲ್ಲಿರುವುದು ಇಷ್ಟೇ ಹಣ” ಎಂದು ಮೊದಲ ದಿನವೇ ಸಂಕೋಚವಿಲ್ಲದೆ ಹೇಳಬೇಕು. ಶುಲ್ಕದ ಮೇಲೆ ಜಿಎಸ್‌ಟಿ ಬೇರೆಯಾಗಿ ಸೇರುವುದೇ ಎಂದೂ ಕೇಳಿಕೊಳ್ಳಬೇಕು.

ಬಿಸಿಲು, ಗಾಳಿ, ಮಳೆ

ಒಳ್ಳೆಯ ವಿನ್ಯಾಸದ ಲಾಭ ಗೃಹಪ್ರವೇಶದ ದಿನ ಕಾಣುವುದಿಲ್ಲ, ಮೊದಲ ಏಪ್ರಿಲ್ ತಿಂಗಳಲ್ಲಿ ಕಾಣುತ್ತದೆ. ಕರ್ನಾಟಕದ ಎಲ್ಲ ಊರುಗಳಲ್ಲೂ ವರ್ಷಕ್ಕೆ ಎರಡು ಸಲ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದ ಹೊತ್ತಿಗೆ. ಹೀಗಾಗಿ ಬೇಸಿಗೆಯಲ್ಲಿ ಹೆಚ್ಚು ಕಾಯುವುದು ಸೂರು. ಮಧ್ಯಾಹ್ನದ ಬಿಸಿಲು ಎತ್ತರದಿಂದ ಬೀಳುವುದರಿಂದ ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜ ಸಾಕಷ್ಟು ನೆರಳು ಕೊಡುತ್ತದೆ. ಪಶ್ಚಿಮದ ಬಿಸಿಲು ಹಾಗಲ್ಲ. ಸಂಜೆ ನಾಲ್ಕರ ಮೇಲೆ ಅದು ತಗ್ಗಿನಿಂದ ನೇರವಾಗಿ ಒಳಗೆ ನುಗ್ಗುತ್ತದೆ, ಸಜ್ಜ ಅದನ್ನು ತಡೆಯಲಾರದು. ಆ ದಿಕ್ಕಿಗೆ ಮೆಟ್ಟಿಲು, ಬಚ್ಚಲು, ಉಗ್ರಾಣಗಳನ್ನು ಇಟ್ಟರೆ ಮಲಗುವ ಕೋಣೆ ರಾತ್ರಿ ತಂಪಾಗಿರುತ್ತದೆ. ಇದಕ್ಕೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ, ಮೊದಲೇ ಯೋಚಿಸಿರಬೇಕು.

ಗಾಳಿಯ ಲೆಕ್ಕವೂ ಹೀಗೆಯೇ. ಒಂದು ಕಿಟಕಿಯಿಂದ ಗಾಳಿ ಒಳಗೆ ಬರಬೇಕಾದರೆ ಎದುರು ಬದಿಯಲ್ಲಿ ಹೊರಗೆ ಹೋಗಲು ದಾರಿ ಇರಬೇಕು. ಎರಡು ಪಕ್ಕದಲ್ಲೂ ನೆರೆಮನೆ ಇರುವ ನಿವೇಶನದಲ್ಲಿ ಈ ಎದುರು ದಾರಿ ಎಲ್ಲಿ? ಮೆಟ್ಟಿಲಿನ ಮೇಲೆ ಬಿಟ್ಟ ತೆರಪು, ನಡುವೆ ಬಿಟ್ಟ ನಾಲ್ಕಡಿ ಚೌಕದ ತೆರೆದ ಜಾಗ ಅದನ್ನು ಒದಗಿಸಬಹುದು. ಹಳೆಯ ತೊಟ್ಟಿಯ ತತ್ವವೇ ಇಲ್ಲಿ ಚಿಕ್ಕದಾಗಿ ಬರುತ್ತದೆ. ಇಂತಹ ಜಾಗ ಬಿಡಲು ಮೇಸ್ತ್ರಿಗೆ ಧೈರ್ಯ ಬರುವುದು ಕಷ್ಟ, ಯಜಮಾನರಿಗೆ ಮನಸ್ಸು ಬರುವುದು ಇನ್ನೂ ಕಷ್ಟ.

ಮಳೆಯ ನೀರಿನ ವಿಷಯ ನೋಡಿ. 1200 ಚದರ ಅಡಿಯ ಸೂರಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2800 ಲೀಟರ್ ನೀರು. ಬೆಂಗಳೂರಿನಲ್ಲಿ 2009ರಲ್ಲಿ ತಂದ ನಿಯಮದಂತೆ 30×40 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗಳಿಗೆ ಮಳೆ ನೀರು ಸಂಗ್ರಹ ಕಡ್ಡಾಯ. ಸೂರಿನ ಇಳಿಜಾರು, ಕೊಳವೆ, ಸೋಸುವ ತೊಟ್ಟಿ, ಸಂಪು ಇವುಗಳನ್ನು ನಕ್ಷೆಯಲ್ಲೇ ಜೋಡಿಸಿದರೆ ನೀರು ತಾನೇ ಹರಿದು ಸಂಪಿಗೆ ಸೇರುತ್ತದೆ. ಮನೆ ಮುಗಿದ ಮೇಲೆ ಸೇರಿಸಲು ಹೊರಟರೆ ಗೋಡೆಯ ಮುಂದೆಲ್ಲ ಕೊಳವೆ ನೇತಾಡುತ್ತವೆ.

ಕಡಿಮೆ ವೆಚ್ಚದ ವಿಧಾನಗಳು

ಆರ್ಕಿಟೆಕ್ಟ್ ಎಂದರೆ ದುಬಾರಿ ಎಂಬ ಮಾತನ್ನು ಸುಳ್ಳು ಮಾಡಿದವರಲ್ಲಿ ಲಾರಿ ಬೇಕರ್ ಪ್ರಮುಖರು. ಇಂಗ್ಲೆಂಡಿನಲ್ಲಿ 1917ರಲ್ಲಿ ಹುಟ್ಟಿ, ಭಾರತಕ್ಕೆ ಬಂದು ನೆಲೆಸಿ, ಕೇರಳದಲ್ಲಿ ಬಹುಕಾಲ ಕೆಲಸ ಮಾಡಿ 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ಅವರು ಬಡವರ ಮನೆಗಳಿಗೂ ವಿನ್ಯಾಸ ಮಾಡಿದರು. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಗೋಡೆಯ ನಡುವೆ ಟೊಳ್ಳು ಬಿಟ್ಟು ಕಟ್ಟುವ ‘ರ್‍ಯಾಟ್ ಟ್ರ್ಯಾಪ್’ ಕಟ್ಟಡ ಕ್ರಮವನ್ನು ಅವರು ಹೆಚ್ಚು ಬಳಕೆಗೆ ತಂದರು. ಇದರಲ್ಲಿ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ನಡುವಿನ ಟೊಳ್ಳಿನಿಂದ ಸೆಕೆಯೂ ಕಡಿಮೆ. ಸೂರಿನ ಕಾಂಕ್ರೀಟಿನ ಕೆಳಭಾಗದಲ್ಲಿ ಮಂಗಳೂರು ಹೆಂಚನ್ನು ತುಂಬಿ ಸಿಮೆಂಟು, ಕಬ್ಬಿಣ ಉಳಿಸುವ ಕ್ರಮವೂ ಇದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆಯೇ ತಯಾರಿಸುವ ಮಣ್ಣಿನ ಇಟ್ಟಿಗೆಯ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿತು. ರಾಜ್ಯದಲ್ಲಿ ಅಂತಹ ಇಟ್ಟಿಗೆಯ ಮನೆಗಳು ಸಾಕಷ್ಟಿವೆ. ಜಿಲ್ಲೆಗಳಲ್ಲಿರುವ ನಿರ್ಮಿತಿ ಕೇಂದ್ರಗಳ ಉದ್ದೇಶಗಳಲ್ಲೂ ಕಡಿಮೆ ವೆಚ್ಚದ ವಿಧಾನಗಳನ್ನು ಜನರಿಗೆ ತಲುಪಿಸುವುದು ಒಂದು.

ಆದರೆ ಈ ವಿಧಾನಗಳನ್ನು ಬಲ್ಲ ಮೇಸ್ತ್ರಿಗಳು ಎಲ್ಲ ಊರಲ್ಲೂ ಸಿಗುವುದಿಲ್ಲ. ತಿಳಿಯದವರು ಮಾಡಿದರೆ ಉಳಿತಾಯದ ಬದಲು ಬಿರುಕು, ಸೋರಿಕೆ ಉಳಿಯುತ್ತವೆ. ಅಗ್ಗದ ಮನೆಗೇ ಹೆಚ್ಚು ಯೋಚನೆ ಬೇಕು ಎಂಬುದು ವಿಚಿತ್ರವಾದರೂ ನಿಜ. ಇಂತಹ ಸಾಮಗ್ರಿಯಲ್ಲಿ ಕಟ್ಟಬೇಕೆಂದವರು ಅದರಲ್ಲಿ ಅನುಭವವಿರುವ ಆರ್ಕಿಟೆಕ್ಟನ್ನೇ ಹುಡುಕಬೇಕು.

ಎಂಜಿನಿಯರರನ್ನು ಮಾತ್ರ ಬಿಡಬೇಡಿ

ಆರ್ಕಿಟೆಕ್ಟ್ ಇಲ್ಲದೆ ಕಟ್ಟಿದ ಮನೆ ಅನನುಕೂಲವಾಗಬಹುದು. ಲೆಕ್ಕವಿಲ್ಲದೆ ಕಟ್ಟಿದ ಮನೆ ಪ್ರಾಣಕ್ಕೆ ಅಪಾಯ. ಒಂದು ನಿದರ್ಶನ ಸಾಕು. ಕಾಂಕ್ರೀಟು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಎಳೆತ ತಾಳುವುದಕ್ಕೇ ಕಂಬಿ. ಎರಡು ಗೋಡೆಗಳ ಮೇಲೆ ಕುಳಿತ ಸೂರು ಭಾರಕ್ಕೆ ನಡುವೆ ಬಾಗುವಾಗ ಅದರ ಕೆಳಭಾಗ ಎಳೆಯಲ್ಪಡುತ್ತದೆ. ಆದ್ದರಿಂದ ಅಲ್ಲಿ ಮುಖ್ಯ ಕಂಬಿ ಕೆಳಗಿರುತ್ತದೆ. ಗೋಡೆಯಿಂದ ಹೊರಚಾಚಿದ ಬಾಲ್ಕನಿಯಲ್ಲಿ ಇದು ತಿರುವುಮುರುವು, ಎಳೆತ ಬೀಳುವುದು ಮೇಲ್ಭಾಗಕ್ಕೆ. ಅಲ್ಲಿ ಮುಖ್ಯ ಕಂಬಿ ಮೇಲೆಯೇ ಇರಬೇಕು. ಅಭ್ಯಾಸಬಲದಿಂದ ಕೆಳಗೆ ಹಾಕಿದರೆ, ಇಲ್ಲವೆ ಕಾಂಕ್ರೀಟು ಸುರಿಯುವಾಗ ಆಳುಗಳು ತುಳಿದು ಕೆಳಗಿಳಿಸಿದರೆ, ಆ ಬಾಲ್ಕನಿ ಸೆಂಟ್ರಿಂಗ್ ಬಿಚ್ಚಿದ ದಿನವೇ ಬೀಳಬಹುದು, ಹತ್ತು ಜನ ನಿಂತು ಮೆರವಣಿಗೆ ನೋಡುವ ದಿನವೂ ಬೀಳಬಹುದು.

ಮಣ್ಣಿನ ವಿಷಯವೂ ಎಂಜಿನಿಯರರದೇ. ಧಾರವಾಡ, ಗದಗ, ವಿಜಯಪುರ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಸಾಮಾನ್ಯ ಪಾಯ ಹಾಕಿದರೆ ಗೋಡೆಯೂ ಬಿರಿಯುತ್ತದೆ. ಕರಾವಳಿಯ ಕೆಂಪುಕಲ್ಲಿನ ನೆಲ ಬೇರೆ, ಕೆರೆ ಮುಚ್ಚಿ ಮಾಡಿದ ಬಡಾವಣೆಯ ತುಂಬಿದ ಮಣ್ಣು ಬೇರೆ. ಇಂದು ಒಂದು ಮಹಡಿ, ಮುಂದೆ ಮಗನಿಗೆ ಇನ್ನೊಂದು ಎಂಬ ಯೋಚನೆ ಇದ್ದರೆ ಅದನ್ನು ಪಾಯದ ಲೆಕ್ಕಕ್ಕೆ ಮೊದಲೇ ಸೇರಿಸಬೇಕು. ಆಮೇಲೆ ಪಾಯವನ್ನು ಬಲಪಡಿಸುವುದು ಬಲು ಕಷ್ಟದ, ದುಬಾರಿ ಕೆಲಸ.

ಯಾರಿಗೆ ಬೇಕಿಲ್ಲ, ಯಾರಿಗೆ ಬೇಕು?

ಸಮತಟ್ಟಾದ, ಸುತ್ತ ಜಾಗವಿರುವ ನೆಲದಲ್ಲಿ, ಊರಿನಲ್ಲಿ ರೂಢಿಯಲ್ಲಿರುವ ಬಗೆಯ ಎರಡು ಮೂರು ಕೋಣೆಯ ಮನೆ ಕಟ್ಟುವವರು ಆರ್ಕಿಟೆಕ್ಟರ ಪೂರ್ಣ ಸೇವೆ ಪಡೆಯಬೇಕಾದ ಅಗತ್ಯವಿಲ್ಲ. ವಸತಿ ಯೋಜನೆಯ ನೆರವಿನಿಂದ ಚಿಕ್ಕ ಮನೆ ಕಟ್ಟುವವರಿಗೆ, ಇರುವ ಮನೆಗೆ ಒಂದು ಕೋಣೆ ಸೇರಿಸುವವರಿಗೂ ಹಾಗೆಯೇ. ಅದೇ ಬಡಾವಣೆಯಲ್ಲಿ ಅದೇ ಅಳತೆಯ ಒಳ್ಳೆಯ ಮನೆಗಳನ್ನು ಕಟ್ಟಿದ ಮೇಸ್ತ್ರಿ ಸಿಕ್ಕರೆ, ಆ ಮನೆಗಳಲ್ಲಿ ಇರುವವರು ಸುಖವಾಗಿದ್ದರೆ, ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಬೇಕಿಲ್ಲ.

ಎರಡು ಪಕ್ಕವೂ ಮುಚ್ಚಿದ ಕಿರಿದಾದ ನಿವೇಶನ, ಮೂಲೆ ಸೊಟ್ಟಗಿರುವ ನಿವೇಶನ, ಮಡಿಕೇರಿ, ಮಂಗಳೂರುಗಳಲ್ಲಿರುವಂತಹ ಇಳಿಜಾರು ನೆಲ, ಇವುಗಳಲ್ಲಿ ಆರ್ಕಿಟೆಕ್ಟರ ಸಹಾಯ ನಿಜಕ್ಕೂ ಬೇಕು. ಕೆಳಗೆ ತಾವಿದ್ದು ಮೇಲೆ ಬಾಡಿಗೆಗೆ ಕೊಡುವವರು, ಅಣ್ಣತಮ್ಮಂದಿರು ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಒಲೆ ಹೂಡುವವರು, ಹಂತಹಂತವಾಗಿ ಕಟ್ಟುವವರು, ಹಳೆಯ ಮನೆಯನ್ನು ಉಳಿಸಿಕೊಂಡು ಸರಿಪಡಿಸುವವರು, ಮನೆಯಲ್ಲಿ ಗಾಲಿಕುರ್ಚಿ ಬಳಸುವವರಿರುವವರು ಕೂಡ ಕೇಳುವುದು ಒಳ್ಳೆಯದು. ಮುಂಬಯಿಯಲ್ಲೋ ದುಬೈಯಲ್ಲೋ ಇದ್ದುಕೊಂಡು ಊರಿನಲ್ಲಿ ಮನೆ ಕಟ್ಟಿಸುವ ಕನ್ನಡಿಗರಿಗೆ ಸ್ಥಳದಲ್ಲಿ ತಮ್ಮ ಪರ ನೋಡುವ ಒಬ್ಬರು ಬೇಕೇ ಬೇಕು.

ಮಧ್ಯದ ದಾರಿಯೊಂದಿದೆ. ಆರ್ಕಿಟೆಕ್ಟರ ಸೇವೆಯನ್ನು ಇಡಿಯಾಗಿ ಪಡೆಯಲೇಬೇಕೆಂದಿಲ್ಲ. ವಿನ್ಯಾಸ ಮತ್ತು ಕಾಮಗಾರಿ ನಕ್ಷೆಗಳನ್ನು ಮಾತ್ರ ಅವರಿಂದ ಬರೆಸಿ, ಮೇಲ್ವಿಚಾರಣೆಯನ್ನು ತಾವೇ ಮಾಡಿಕೊಳ್ಳಬಹುದು. ಮೇಸ್ತ್ರಿ ಹಾಕಿದ ನಕ್ಷೆಯನ್ನೇ ಒಯ್ದು ಒಂದೆರಡು ಭೇಟಿಯ ಶುಲ್ಕ ಕೊಟ್ಟು ಸಲಹೆ ಕೇಳಬಹುದು. ಒಪ್ಪುವವರು ಸಿಗುತ್ತಾರೆ. ಕೈಯಲ್ಲಿ ಹಣ ಬಿಗಿಯಾಗಿದ್ದಾಗ ನಕ್ಷೆಗೆ ಖರ್ಚು ಮಾಡಿ, ಮುಂಭಾಗದ ಅಲಂಕಾರವನ್ನು ಕೈಬಿಡುವುದೇ ಸರಿ.

ಗೊತ್ತುಮಾಡುವ ಮೊದಲು

ಆರ್ಕಿಟೆಕ್ಟನ್ನು ಗೊತ್ತುಮಾಡುವ ಮೊದಲು ಈ ವಿಷಯಗಳನ್ನು ಕೇಳಿ ಬರೆದಿಟ್ಟುಕೊಳ್ಳಿ:

1. ಮಂಡಳಿಯ ನೋಂದಣಿ ಸಂಖ್ಯೆ ಏನು?

2. ನಮ್ಮಷ್ಟೇ ಹಣದಲ್ಲಿ ಕಟ್ಟಿದ, ಎರಡು ಮೂರು ಮಳೆಗಾಲ ಕಂಡ ಮನೆಯನ್ನು ತೋರಿಸುವಿರಾ? ಅಲ್ಲಿಗೆ ಹೋದಾಗ ಗೋಡೆಯ ಬಣ್ಣ ನೋಡುವುದಕ್ಕಿಂತ, ಅಡುಗೆ ಮಾಡುವವರನ್ನು, ಮನೆ ಗುಡಿಸುವವರನ್ನು ಮಾತನಾಡಿಸಿ.

3. ಯಾವ ಯಾವ ನಕ್ಷೆ ಕೊಡುತ್ತೀರಿ? ಸ್ಟ್ರಕ್ಚರಲ್ ಎಂಜಿನಿಯರರ ಶುಲ್ಕ ಇದರಲ್ಲಿ ಸೇರಿದೆಯೇ?

4. ಕೆಲಸದ ಸ್ಥಳಕ್ಕೆ ಎಷ್ಟು ಸಲ, ಯಾವ ಹಂತಗಳಲ್ಲಿ ಬರುತ್ತೀರಿ? ಪಾಯ ತೋಡಿದಾಗ ಮತ್ತು ಕಾಂಕ್ರೀಟು ಹಾಕುವ ಮುನ್ನ ಕಂಬಿ ಕಟ್ಟಿದಾಗ ತಿಳಿದವರು ನೋಡಲೇಬೇಕು.

5. ಶುಲ್ಕ ಯಾವ ಹಂತದಲ್ಲಿ ಎಷ್ಟು? ನಡುವೆ ಕೆಲಸ ನಿಂತರೆ ಲೆಕ್ಕ ಹೇಗೆ? ನಕ್ಷೆ ಬದಲಾಯಿಸಿದರೆ ಹೆಚ್ಚು ಹಣವೇ?

ಉತ್ತರಗಳನ್ನು ಒಂದು ಒಪ್ಪಂದದ ರೂಪದಲ್ಲಿ ಬರೆಸಿ ಇಬ್ಬರೂ ಸಹಿ ಹಾಕುವುದು ಸೂಕ್ತ. ಕಾಂಟ್ರಾಕ್ಟರ ಜೊತೆಗೂ ಹೀಗೆಯೇ. ಚದರ ಅಡಿಗೆ ಇಷ್ಟು ಎಂದು ಒಪ್ಪುವಾಗ ಸಂಪು, ಕಾಂಪೌಂಡು, ಮೇಲಿನ ಟ್ಯಾಂಕು, ಬಣ್ಣ ಅದರಲ್ಲಿ ಸೇರಿವೆಯೇ ಎಂದು ಬರೆಸಿರಬೇಕು. ಮನೆ ನಿರ್ಮಾಣವೂ ಗ್ರಾಹಕ ಕಾನೂನಿನ ಅರ್ಥದಲ್ಲಿ ‘ಸೇವೆ’ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ತೀರ್ಪು ನೀಡಿತು. ಈಗಿನ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲೂ ಮನೆ ನಿರ್ಮಾಣ ಸೇರಿದೆ. ಆದರೆ ಬಾಯಿಮಾತಿನ ಒಪ್ಪಂದ, ರಸೀತಿಯಿಲ್ಲದೆ ಕೊಟ್ಟ ಹಣ, ಇವುಗಳನ್ನು ಹಿಡಿದು ಆಯೋಗದ ಮುಂದೆ ಹೋದರೆ ರುಜುವಾತು ಮಾಡುವುದು ಕಷ್ಟ.

ಮನೆಯವರ ಪಾಲಿನ ಕೆಲಸ

ಎಂತಹ ಆರ್ಕಿಟೆಕ್ಟರೂ ನಮ್ಮ ಮನೆಯ ದಿನಚರಿಯನ್ನು ಊಹಿಸಿ ತಿಳಿಯಲಾರರು. ಅವರ ಬಳಿಗೆ ಹೋಗುವ ಮುನ್ನ ಮನೆಮಂದಿಯೆಲ್ಲ ಕುಳಿತು ಒಂದು ಪಟ್ಟಿ ಮಾಡಬೇಕು. ಅಜ್ಜಿಗೆ ಮಂಡಿನೋವಿದ್ದರೆ ಅವರ ಕೋಣೆ, ಶೌಚಾಲಯ ಎರಡೂ ಕೆಳಗೇ ಬೇಕು. ಊರಿನಿಂದ ರಾಗಿಯೋ ಜೋಳವೋ ಚೀಲಗಟ್ಟಲೆ ಬರುವುದಾದರೆ ಇಡಲು ತಾವು ಬೇಕು. ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದೆಲ್ಲಿ, ಪಾತ್ರೆ ತೊಳೆಯುವುದೆಲ್ಲಿ, ಮಕ್ಕಳು ಓದುವಾಗ ಟಿ.ವಿ. ಸದ್ದು ಕೇಳದಂತೆ ಹೇಗೆ, ಇವೆಲ್ಲ ಪಟ್ಟಿಯಲ್ಲಿರಲಿ. ವಾಸ್ತು ನೋಡುವವರು ಅದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಬೇಕು. ಪಾಯ ಮುಗಿದ ಮೇಲೆ ಪಂಡಿತರನ್ನು ಕರೆತಂದು ಅಡುಗೆಮನೆಯನ್ನು ಬೇರೆ ಮೂಲೆಗೆ ಒಯ್ಯುವುದರಿಂದ ಯಾರಿಗೂ ನೆಮ್ಮದಿಯಿಲ್ಲ.

ಮುಖ್ಯವಾಗಿ, ಈ ಮಾತುಕತೆಯಲ್ಲಿ ಮನೆಯ ಹೆಂಗಸರು ಇರಬೇಕು. ಮನೆಯೊಳಗೆ ಹೆಚ್ಚು ಹೊತ್ತು ಕೆಲಸ ಮಾಡುವವರು ಅವರು. ನಕ್ಷೆಯನ್ನು ಮೇಜಿನ ಮೇಲೆ ನೋಡಿದರೆ ಅನೇಕರಿಗೆ ಅಳತೆ ತಿಳಿಯುವುದಿಲ್ಲ. ಖಾಲಿ ನಿವೇಶನದಲ್ಲಿ ಸುಣ್ಣದ ಪುಡಿಯಿಂದ ಕೋಣೆಗಳನ್ನು ಗುರುತು ಹಾಕಿ, ಮಂಚ, ಒಲೆ, ಬೀರು ಇಡುವ ಜಾಗ ಬರೆದು, ಅದರೊಳಗೆ ಎಲ್ಲರೂ ಒಮ್ಮೆ ಓಡಾಡಿ ನೋಡಿ. ಎಲ್ಲಿ ಇಕ್ಕಟ್ಟು, ಎಲ್ಲಿ ಸುತ್ತು ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಆರ್ಕಿಟೆಕ್ಟರನ್ನು ಗೊತ್ತುಮಾಡಿದವರಿಗೂ, ಮೇಸ್ತ್ರಿಯನ್ನೇ ನಂಬಿದವರಿಗೂ ಈ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಸುಣ್ಣದ ಗೆರೆ ಅಳಿಸಲು ಕಾಲು ಸಾಕು. ಪಾಯಕ್ಕೆ ಗುದ್ದಲಿ ಹಾಕುವ ಮುನ್ನ ಬೇಕೆನಿಸಿದಷ್ಟು ಸಲ ಅಳಿಸಿ ಬರೆಯಿರಿ.